ಕಾಪುವಿನಲ್ಲಿ ನಾನು ಹಾಕಿದ ಅರಗಿನ ಮುದ್ರೆ

ಅರಗು ಕರಗಿಸಿ ಮುದ್ರೆ ಒತ್ತುವುದನ್ನು ಈಗ ತರಬೇತಿಯಲ್ಲಿ ಕಲಿಸುವುದಿಲ್ಲವಂತೆ. ಒಳ್ಳೆಯದೇ ಆಯಿತು. ಕಳೆದ ತಿಂಗಳು ನಮ್ಮ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಸಂತೆಕಟ್ಟೆಯ ನನ್ನ ಮನೆಗೆ ಬಂದು, "ಸಾರ್, ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತೆಂದು ಸ್ವಲ್ಪ ಬರೆದು ಕೊಡಿ" ಎಂದರು. ಯಾವ ವರ್ಷ ಯಾವ ಕುರ್ಚಿ ಸಿಕ್ಕಿತು ಎಂದು ಬರೆದರೆ ಓದುವವರಿಗೂ ನಿದ್ದೆ, ನನಗೂ ನಿದ್ದೆ. ಅದನ್ನೆಲ್ಲ ಬಿಟ್ಟು, ನಾನು ಎಡವಿದ್ದನ್ನು ಬರೆಯುತ್ತೇನೆ. ಹೆಚ್ಚಿನದನ್ನು ನಗುತ್ತಲೇ ಹೇಳಬಹುದು. ಒಂದನ್ನು ಮಾತ್ರ ಆಗುವುದಿಲ್ಲ.

ನಾನು ವೈರ್‌ಲೆಸ್ ಪರವಾನಗಿಯ ಇನ್‌ಸ್ಪೆಕ್ಟರನಾಗಿದ್ದೆ. ಹೆಸರು ಸಿಪ್ರಿಯನ್, ಉಡುಪಿಯಿಂದ ಕಾರ್ಕಳದವರೆಗೆ ಎಲ್ಲರೂ ಕರೆಯುತ್ತಿದ್ದದ್ದು ಸಿಪ್ರಿ ಸಾರ್ ಎಂದು. ಎಪ್ಪತ್ತರ ದಶಕದಲ್ಲಿ ಮನೆಯ ರೇಡಿಯೊಗೂ ಪರವಾನಗಿ ಬೇಕಿತ್ತು. ಅದಕ್ಕೊಂದು ಪುಸ್ತಕ, ವರ್ಷವರ್ಷ ಅಂಚೆ ಕಚೇರಿಯಲ್ಲಿ ಅದಕ್ಕೊಂದು ಠಸ್ಸೆ. ಪುಸ್ತಕ ಇಲ್ಲದ ರೇಡಿಯೊಗಳನ್ನು ಹುಡುಕಿಕೊಂಡು ನಾನು ಸೈಕಲ್ ತುಳಿಯುತ್ತಿದ್ದೆ. ಹಿರಿಯಡ್ಕದ ಒಬ್ಬ ಅಂಗಡಿಯವರು ನನ್ನನ್ನು ಕಂಡೊಡನೆ ರೇಡಿಯೊವನ್ನು ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿಗಳ ಹಿಂದೆ ತುರುಕಿದರು; ಗಡಿಬಿಡಿಯಲ್ಲಿ ಆರಿಸಲು ಮರೆತರು. ನಾವಿಬ್ಬರೂ ಮುಖ ಗಂಟಿಕ್ಕಿಕೊಂಡು ನಿಂತಿದ್ದೇವೆ, ಮುಡಿಗಳ ಹಿಂದಿನಿಂದ ಒಬ್ಬರು ಭತ್ತದ ರೋಗಕ್ಕೆ ಔಷಧ ಹೇಳುತ್ತಿದ್ದಾರೆ. "ಎಂತ ಮಾರಾಯ್ರೆ, ನಿಮ್ಮ ಅಕ್ಕಿ ಒಳ್ಳೆ ಕನ್ನಡ ಮಾತಾಡ್ತದಲ್ಲ!" ಎಂದೆ. ಅವರು ಬಿದ್ದು ಬಿದ್ದು ನಕ್ಕು ಪುಸ್ತಕ ಮಾಡಿಸಿಕೊಂಡರು.

ಎಪ್ಪತ್ತೊಂದರ ಯುದ್ಧದ ಸಮಯದಲ್ಲಿ ನಗು ಕಡಿಮೆಯಾಯಿತು. ಕಾರ್ಕಳದ ಒಂದು ಮನೆಯ ಮಾಡಿನ ಮೇಲೆ ಶತ್ರುಗಳಿಗೆ ಸುದ್ದಿ ಕಳಿಸುವ ತಂತಿ ಉಂಟು ಎಂದು ಯಾರೋ ದೂರು ಬರೆದರು. ನಾನು ಇಬ್ಬರು ಪೊಲೀಸರನ್ನು ಕರೆದುಕೊಂಡು ಹೋಗಿ ಆ ತಾಮ್ರದ ತಂತಿಯನ್ನು ತುಂಡುತುಂಡು ಮಾಡಿ ಕೆಳಗಿಳಿಸಿದೆ. ಅದು ಸಿಡಿಲು ತಡೆಯುವ ತಂತಿ. ಮುಂದಿನ ಮಳೆಗಾಲದಲ್ಲಿ ಅವರ ಮನೆಯ ಮೂಲೆಗೆ ಸಿಡಿಲು ಬಡಿದು ಹೆಂಚು ಹಾರಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ನನಗೆ ಮಾತ್ರ ಮೇಲಿನಿಂದ ಶಹಬ್ಬಾಸ್ ಎಂಬ ಪತ್ರ ಬಂದಿತ್ತು. ಮೈಯೆಲ್ಲ ಕಣ್ಣಾಗಿರಬೇಕು ಎಂದು ಹೇಳುತ್ತಿದ್ದ ಇಲಾಖೆಯಲ್ಲಿ ಆ ಕಣ್ಣು ಏನನ್ನು ನೋಡಬೇಕೆಂದು ಯಾರೂ ಹೇಳಿಕೊಡಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೇಳುವ ಸೆಟ್ಟಿಗೆ ಅಂಚೆ ಕಚೇರಿಯ ಪುಸ್ತಕ ಸಾಕು. ಮಾತಾಡುವ ಸೆಟ್ಟಿಗೆ, ಅಂದರೆ ಇಲ್ಲಿಂದ ಅಲ್ಲಿಗೆ ಧ್ವನಿ ಕಳಿಸುವ ಯಂತ್ರಕ್ಕೆ, ದೆಹಲಿಯ ಅನುಮತಿಯೇ ಬೇಕು. ದೇಶದ ಭದ್ರತೆಯ ವಿಷಯ ಎಂದು ಕಡತದ ಮೇಲೆಯೇ ಕೆಂಪಕ್ಷರದಲ್ಲಿ ಬರೆದಿರುತ್ತಿತ್ತು. ಆಗ ನಮ್ಮ ಕಡಲಿನ ಮೀನುಗಾರಿಕಾ ದೋಣಿಗಳಲ್ಲಿ ಮಾತಾಡುವ ಸೆಟ್ಟು ಇರಲಿಲ್ಲ. ಹೋದವರು ಬಂದರೆ ಬಂದರು. ಸೆಟ್ಟು ಬೇಕೆಂದು ಯಾರಾದರೂ ಅರ್ಜಿ ಹಾಕಿದರೆ, ಸರ್ಕಾರ ಒಪ್ಪಿದ ಒಂದೇ ಕಾರ್ಖಾನೆಯದ್ದನ್ನು ಕೊಳ್ಳಬೇಕು. ಆ ಕಾರ್ಖಾನೆ ಸೈನ್ಯಕ್ಕೆ, ಪೊಲೀಸರಿಗೆ ಮಾಡುತ್ತಿತ್ತು. ದೋಣಿಗೆ ಹೊಂದುವ ಚಿಕ್ಕ ಸೆಟ್ಟು ಮಾಡುತ್ತಿರಲಿಲ್ಲ. ಹಾಗಾದರೆ ಹೊರದೇಶದ್ದು ತರಿಸೋಣವೆಂದರೆ, "ನಮ್ಮಲ್ಲಿ ಆಗುವುದಿಲ್ಲ" ಎಂದು ಅದೇ ಕಾರ್ಖಾನೆ ಬರೆದುಕೊಡಬೇಕು. ಅವರು ಹಾಗೆ ಬರೆದಾರೆಯೇ? "ಮುಂದೆ ಮಾಡುವ ಯೋಚನೆಯಿದೆ" ಎಂದು ಬರೆಯುತ್ತಿದ್ದರು. ಅಲ್ಲಿಗೆ ಕಡತ ಮಲಗಿತು. ನಾನೇ ಅಂಥ ಹಲವು ಕಡತಗಳನ್ನು ಮಲಗಿಸಿದವನು.

ಇದು ನಡೆಯುತ್ತಿದ್ದ ಕಾಲಕ್ಕೇ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಹೊರದೇಶದ ದೊಡ್ಡ ಟ್ರಾಲರುಗಳಿಗೆ ನಮ್ಮ ಸಮುದ್ರದಲ್ಲಿ ಬಾಡಿಗೆಯ ಲೆಕ್ಕದಲ್ಲಿ ಮೀನು ಹಿಡಿಯಲು ದೆಹಲಿ ಅನುಮತಿ ಕೊಟ್ಟಿತು. ಅವುಗಳ ಮೇಲೆ ಮನೆಯೆತ್ತರದ ಏರಿಯಲ್ಲುಗಳು. ಅವಕ್ಕೆಲ್ಲ ಪರವಾನಗಿ ಒಂದೇ ಕಂತಿನಲ್ಲಿ ಬಂತು, ಏಕೆಂದರೆ ಅದು ಎರಡು ಸರ್ಕಾರಗಳ ಸ್ನೇಹದ ಪ್ರಶ್ನೆ.

ಒಂದು ಅಕ್ಟೋಬರಿನಲ್ಲಿ ಮದ್ರಾಸಿನ ವಲಯ ಕಚೇರಿಯಿಂದ ಮಾಥುರ್ ಸಾಹೇಬರ ಫೋನು ಬಂತು. ಅವರು ನನ್ನ ಮೇಲಧಿಕಾರಿ. ಕೆಟ್ಟ ಮನುಷ್ಯರಲ್ಲ, ಆದರೆ ಕಾಗದದಲ್ಲಿ ಇಲ್ಲದ್ದು ಜಗತ್ತಿನಲ್ಲಿಯೇ ಇಲ್ಲ ಎಂದು ನಂಬಿದವರು. ಉಡುಪಿಯ ಕಡೆಯಿಂದ ಯಾರೋ ಕದ್ದು ಮಾತಾಡುತ್ತಿದ್ದಾರೆ, ಹಿಡಿಯಿರಿ ಎಂದರು. ದಿಕ್ಕು ಹಿಡಿಯುವ ಯಂತ್ರವಿದ್ದ ವ್ಯಾನು ಬಂತು. ಮೊದಲು ಮಣಿಪಾಲದ ಗುಡ್ಡದ ಮೇಲೆ ನಿಲ್ಲಿಸಿ, ಧ್ವನಿ ಬರುವ ದಿಕ್ಕಿಗೆ ನಕ್ಷೆಯಲ್ಲಿ ಒಂದು ಗೆರೆ ಎಳೆದೆ. ಮರುದಿನ ಕಾರ್ಕಳದ ಬಂಡೆಯ ಮೇಲಿಂದ ಇನ್ನೊಂದು ಗೆರೆ. ಎರಡೂ ಗೆರೆ ಕೂಡಿದ್ದು ಕಾಪುವಿನ ಕಡಲ ದಂಡೆಯಲ್ಲಿ. ಇಷ್ಟು ವರ್ಷ ಮುಡಿಯ ಹಿಂದಿನ ರೇಡಿಯೊ ಹುಡುಕಿದವನಿಗೆ ಕೊನೆಗೂ ಒಬ್ಬ ನಿಜವಾದ ಬೇಹುಗಾರ ಸಿಕ್ಕಿದ ಎಂದುಕೊಂಡೆ.

ಸಿಕ್ಕಿದ್ದು ಗಿರಿಜಕ್ಕ. ಮೀನು ಮಾರುವ ಹೆಂಗಸು, ಐವತ್ತರ ಆಸುಪಾಸು. ಚಾವಡಿಯ ಕಪಾಟಿನಲ್ಲಿ ಸೆಟ್ಟು ಇಟ್ಟುಕೊಂಡು, ತಂತಿಯನ್ನು ತೆಂಗಿನ ಮರದ ತುದಿಗೆ ಏರಿಸಿ, ದೋಣಿಯಲ್ಲಿದ್ದ ಒಡಹುಟ್ಟಿದ ತಮ್ಮ ವಾಸು ತಾಂಡೇಲರ ಜೊತೆ ದಿನಕ್ಕೆ ಎರಡು ಸಲ ಮಾತಾಡುತ್ತಿದ್ದರು. ದೋಣಿ ನಡೆಸುವ ಮುಖ್ಯಸ್ಥನಿಗೆ ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಗಿರಿಜಕ್ಕನ ಗಂಡ ದುಬೈಯಿಂದ ಎರಡು ಸೆಟ್ಟು ತಂದಿದ್ದರು. ಒಂದು ಮನೆಗೆ, ಒಂದು ದೋಣಿಗೆ.

"ನೀವು ಬರ್ತೀರಿ ಅಂತ ಗೊತ್ತಿತ್ತು ಸಾರ್. ಕೂತ್ಕೊಳ್ಳಿ," ಎಂದು ಅವರು ಮರದ ಪೆಟ್ಟಿಗೆಯಿಂದ ಒಂದು ಕಟ್ಟು ಕಾಗದ ತೆಗೆದರು. "ಇದು ನಾವು ಹಾಕಿದ ಅರ್ಜಿ. ನಾಲ್ಕು ವರ್ಷ ಆಯ್ತು. ಇದು ನಿಮ್ಮ ಉತ್ತರ. 'ಪರಿಶೀಲನೆಯಲ್ಲಿದೆ'. ಇದು ಮತ್ತೊಂದು ಉತ್ತರ. ಇದೂ 'ಪರಿಶೀಲನೆಯಲ್ಲಿದೆ'. ಕೆಳಗೆ ಇರುವುದು ಯಾರ ಸೈನು ಸಾರ್?"

ನನ್ನದೇ ಸಹಿ.

ಆ ದಿನ ವಾಸು ತಾಂಡೇಲರೂ ಮನೆಯಲ್ಲಿದ್ದರು. ಗಟ್ಟಿಮುಟ್ಟಾದ ಆಳು, ಮಾತು ಕಡಿಮೆ. ಅವರು ಕೇಳಿದ್ದು ಒಂದೇ. "ಆ ಹೊರದೇಶದವರು ಮೊನ್ನೆ ದಂಡೆಯಿಂದ ಎಂಟು ಮೈಲಿಯ ಒಳಗೆ ಬಂದಿದ್ರು, ಅಷ್ಟು ಹತ್ತಿರ ಅವರು ಬರುವ ಹಾಗಿಲ್ಲ. ನಾನು ಇದರಲ್ಲಿ ಹೇಳಿದೆ, ಅಕ್ಕ ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳಿದ್ರು. ಸುದ್ದಿ ಹೇಗೆ ಬಂತು ಅಂತ ಅಕ್ಕನನ್ನೇ ವಿಚಾರಿಸಿದ್ರು. ಅವರ ಸೆಟ್ಟಿಗೆ ಪರವಾನಗಿ ಉಂಟಾ ಸಾರ್?"

"ಉಂಟು," ಎಂದೆ.

"ಹಾಗಾದ್ರೆ ಕಡಲು ಕಾಯುವುದು ಯಾರು? ಅವರಾ, ನಾವಾ?"

ನನಗೆ ಸಿಟ್ಟು ಬಂತು. ಉತ್ತರ ಗೊತ್ತಿಲ್ಲದಾಗ ಅಧಿಕಾರಿಗಳಿಗೆ ಬರುವ ಸಿಟ್ಟು. ಕಾಪುವಿನ ಪೇಟೆಗೆ ಹೋಗಿ ಮಾಥುರ್ ಸಾಹೇಬರಿಗೆ ಫೋನು ಹಚ್ಚಿದೆ. ಇಡಲು ಗೋದಾಮಿಲ್ಲ, ಎರಡು ಸೆಟ್ಟಿಗೂ ಮುದ್ರೆ ಹಾಕಿ ಮಾಲೀಕರ ವಶಕ್ಕೇ ಕೊಟ್ಟು ಸಹಿ ತೆಗೆದುಕೊಳ್ಳಿ, ತೀರ್ಮಾನ ಆಮೇಲೆ ಎಂದರು. ಆಗ ಹಾಗೆಯೇ ನಡೆಯುತ್ತಿತ್ತು. ಸೆಟ್ಟಿಗೆ ಅಡ್ಡಲಾಗಿ ದಾರ ಬಿಗಿದು, ಗಂಟಿನ ಮೇಲೆ ಅರಗು ಸುರಿದು, ಹಿತ್ತಾಳೆಯ ಮುದ್ರೆ ಒತ್ತುವುದು. ದಾರ ತುಂಡಾಗದೆ ಸೆಟ್ಟು ಚಾಲೂ ಆಗುವುದಿಲ್ಲ.

ಆದರೆ ಬಿಸಿ ಚೂರಿಯಿಂದ ಅರಗನ್ನು ಉಪಾಯವಾಗಿ ಎಬ್ಬಿಸಿ, ಕೆಲಸ ಮುಗಿಸಿ ಮತ್ತೆ ಕೂರಿಸುವ ಪ್ರಚಂಡರನ್ನು ನಾನು ಕಂಡಿದ್ದೆ. ಕಡಲಿನ ನಡುವೆ ಹೋಗಿ ನೋಡುವವರು ಯಾರು? ಹಾಗಾಗಿ ನನ್ನದೇ ತಲೆಗೆ ಒಂದು ಉಪಾಯ ಹೊಳೆಯಿತು. ಅದನ್ನು ನೆನೆದರೆ ಇಂದಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ದಂಡೆಯಲ್ಲಿ ಬೊಬ್ಬರ್ಯನ ಗುಡಿ ಇತ್ತು. ಬೊಬ್ಬರ್ಯ ಕಡಲಿನ ಮಕ್ಕಳನ್ನು ಕಾಯುವ ದೈವ. ನಾನು ಇಗರ್ಜಿಗೆ ಹೋಗುವ ಕ್ರೈಸ್ತ, ಆದರೆ ಇದೇ ನೆಲದಲ್ಲಿ ಬೆಳೆದವನು. ಸರ್ಕಾರದ ಮುದ್ರೆಗೆ ಹೆದರದವರು ಅಲ್ಲಿ ಹಾಕಿದ ಆಣೆಗೆ ಹೆದರುತ್ತಾರೆಂದು ನನಗೆ ಗೊತ್ತಿತ್ತು. ಮಾಥುರ್ ಸಾಹೇಬರಿಗೆ ಇದು ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ.

"ತಾಂಡೇಲ್ರೆ, ಬನ್ನಿ," ಎಂದು ಅವರನ್ನು ಗುಡಿಯ ಎದುರು ನಿಲ್ಲಿಸಿದೆ. "ಸಿಪ್ರಿ ಸಾರ್ ಹೇಳುವ ತನಕ ಮುದ್ರೆ ಮುಟ್ಟುವುದಿಲ್ಲ ಅಂತ ಹೇಳಿ."

ಅವರ ಮುಖದ ಬಣ್ಣ ಇಳಿಯಿತು. ಗಿರಿಜಕ್ಕ ಅಂಗಳದಿಂದಲೇ, "ಅದೊಂದು ಬೇಡ ಸಾರ್!" ಎಂದು ಕೂಗಿದರು. ವಾಸು ತಾಂಡೇಲರು ಕೈ ಮುಗಿದು ಹಾಗೆಯೇ ಹೇಳಿದರು. ಮಧ್ಯಾಹ್ನ ಮಲ್ಪೆಯ ಬಂದರಿಗೆ ಹೋಗಿ ದೋಣಿಯ ಸೆಟ್ಟಿಗೂ ಮುದ್ರೆ ಹಾಕಿ ಬಂದೆ. ಬಸ್ಸಿನಲ್ಲಿ ಕೂತು ನನ್ನ ಬುದ್ಧಿವಂತಿಕೆಗೆ ನಾನೇ ಖುಷಿಪಟ್ಟೆ.

ತುಳಸಿ ಪೂಜೆಯ ಸಮಯಕ್ಕೆ ಹವಾಮಾನ ಕೆಟ್ಟಿತು. ದೋಣಿಗಳು ಒಂದೊಂದಾಗಿ ಬಂದರು ಸೇರಿದವು. ವಾಸು ತಾಂಡೇಲರ 'ಗಂಗಾ' ಬರಲಿಲ್ಲ. ಒಂದು ದಿನ, ಎರಡು ದಿನ. ಅದರಲ್ಲಿ ಏಳು ಜನ. ಎಲ್ಲಿ ಹುಡುಕುವುದು? ಕಡಲು ಏನು ರಥಬೀದಿಯೇ, ಒಂದು ಸುತ್ತು ಹಾಕಿ ಬರಲು? ಮೂರನೆಯ ದಿನ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಗಿರಿಜಕ್ಕ ಮೆಟ್ಟಿಲ ಮೇಲೆ ಕೂತಿದ್ದರು.

"ಅವನ ಹತ್ರ ಸೆಟ್ಟು ಉಂಟು, ಸಾರ್. ಬ್ಯಾಟರಿ ಉಂಟು. ಜೀವ ಇದ್ದರೆ ಅದರ ಎದುರೇ ಕೂತಿರ್ತಾನೆ. ಮುಟ್ಟುವುದಿಲ್ಲ."

"ದಾರ ಕಿತ್ತು ಮಾತಾಡಬಹುದಲ್ಲ?" ಎಂದೆ.

"ಅವನನ್ನು ಎಲ್ಲಿ ನಿಲ್ಲಿಸಿ ಹೇಳಿಸಿದ್ದು ನೀವು? ನಾನು ಬೇಡ ಅಂದೆ, ಅಲ್ವಾ? ಈಗ ಹೇಳಿ, ಜೀವ ಹೋಗುವಾಗಲೂ ಮುದ್ರೆ ಒಡೆಯಬಾರದು ಅಂತ ನಿಮ್ಮ ಕಾನೂನು ಉಂಟಾ?"

ಅಂಥ ಕಾನೂನು ಇರಲಿಲ್ಲ. ಇದ್ದದ್ದು ಅದಕ್ಕೆ ತದ್ವಿರುದ್ಧ. ಜೀವಕ್ಕೆ ಅಪಾಯ ಬಂದಾಗ ಯಾರೂ ಯಾವ ಸೆಟ್ಟನ್ನಾದರೂ ಬಳಸಬಹುದು, ಅದು ಅಪರಾಧವಲ್ಲ ಎಂದು ನನ್ನ ಚೀಲದಲ್ಲಿದ್ದ ನಿಯಮ ಪುಸ್ತಕದಲ್ಲೇ ಬರೆದಿತ್ತು. ಮುದ್ರೆ ಹಾಕುವಾಗ ಅದನ್ನು ಮಾಲೀಕರಿಗೆ ಓದಿ ಹೇಳಬೇಕೆಂದೂ ಇತ್ತು. ನಾನು ಹೇಳಿರಲಿಲ್ಲ. ಮರೆತದ್ದಲ್ಲ, ಹೇಳಿದರೆ ಇವರಿಗೆ ದಿನಾಲೂ ಅಪಾಯವೇ ಎಂದುಕೊಂಡು ಬೇಕೆಂದೇ ಬಿಟ್ಟದ್ದು.

ಮಾಥುರ್ ಸಾಹೇಬರಿಗೆ ತುರ್ತು ಟ್ರಂಕ್ ಕಾಲ್ ಹಾಕಿದೆ. ಮುದ್ರೆ ಒಡೆಯಲು ಲಿಖಿತ ಆದೇಶ ಬೇಕು, ಟಿಪ್ಪಣಿ ಕಳಿಸಿ ಎಂದರು. "ಸಾರ್, ಏಳು ಜನ ಇದ್ದಾರೆ," ಎಂದೆ. ಆ ಕಡಲಿನಲ್ಲೇ ಎರಡು ಹೊರದೇಶದ ಟ್ರಾಲರುಗಳಿವೆ, ಒಳ್ಳೆಯ ಸೆಟ್ಟುಗಳಿವೆ, ಒಮ್ಮೆ ಸುತ್ತ ನೋಡಲು ಅವರಿಗೆ ಹೇಳಿಸಬಹುದಲ್ಲ ಎಂದೂ ಕೇಳಿದೆ. ಅವರ ದನಿ ಗಡುಸಾಯಿತು. "ಅವರ ಸುದ್ದಿ ಎತ್ತಬೇಡಿ. ಅದು ವಿದೇಶಾಂಗ ಇಲಾಖೆಗೆ ಸೇರಿದ್ದು. ನೀವು ಯಾರು?" ಎಂದರು. ಲೈನು ಕಡಿಯಿತು. ನಾನು ಯಾರು ಎಂಬುದು ಆ ಕ್ಷಣಕ್ಕೆ ನನಗೂ ತಿಳಿಯಲಿಲ್ಲ.

"ಬನ್ನಿ ಗಿರಿಜಕ್ಕ," ಎಂದು ಎದ್ದೆ. "ಮುದ್ರೆ ಒಡೆಯಿರಿ ಅಂತ ನಾನು ಹೇಳ್ತೇನೆ."

"ನಿಮ್ಮ ಆಫೀಸಿನಲ್ಲಿ ಹೇಳಿದರೆ ಆಗುದಿಲ್ಲ. ಕಟ್ಟಿದಲ್ಲಿಗೇ ಬಂದು ಬಿಚ್ಚಬೇಕು."

ಸಿಕ್ಕಿದ ಬಸ್ಸು ಹತ್ತಿ ಕಾಪುವಿಗೆ ಹೋದೆವು. ದಾರಿಯುದ್ದಕ್ಕೂ ಅವರು ನನ್ನ ಕಡೆ ನೋಡಲಿಲ್ಲ. ಗುಡಿಯ ಎದುರು ಊರಿನ ಗುರಿಕಾರರು, ಅಂದರೆ ಮೀನುಗಾರ ಮೊಗವೀರರ ಹಿರಿಯರು, ಹೆಗಲಿಗೆ ಬೈರಾಸು ಹಾಕಿಕೊಂಡು ನಿಂತಿದ್ದರು. ಅವರಿಗೆ ಎಲ್ಲ ಗೊತ್ತಿತ್ತು. "ಹಿಂದೆ ತಗೊಳ್ಳಿ ಸಾರ್. ಆದರೆ ಹಿಂದೆ ತಗೊಂಡರೆ ಅದರ ಭಾರ ನಿಮ್ಮ ತಲೆಗೆ. ಗೊತ್ತುಂಟಲ್ಲ?" ಎಂದರು. ಕತ್ತಿನಲ್ಲಿ ಶಿಲುಬೆ ತೊಟ್ಟ ನಾನು ಬೊಬ್ಬರ್ಯನಿಗೆ ಕಾಯಿ ಇಟ್ಟು, ನಾನು ಹಾಕಿಸಿದ ಆಣೆಯನ್ನು ನಾನೇ ತೆಗೆದುಕೊಂಡಿದ್ದೇನೆ, ಬರುವುದೆಲ್ಲ ನನಗೇ ಬರಲಿ ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ.

"ಸರಿ," ಎಂದರು ಗುರಿಕಾರರು. "ಇದು ವಾಸುವಿಗೆ ಗೊತ್ತಾಗುವುದು ಹೇಗೆ?"

ಅದಕ್ಕೂ ಒಂದೇ ದಾರಿ ಇತ್ತು. ಎಲ್ಲ ದೋಣಿಗಳಲ್ಲೂ ಹವಾಮಾನದ ವರದಿಗೆಂದು ಒಂದು ಚಿಕ್ಕ ಟ್ರಾನ್ಸಿಸ್ಟರ್ ಇರುತ್ತಿತ್ತು. ಕಾಪುವಿನ ಪೇಟೆಯಿಂದ ರೇಡಿಯೊ ಕೇಂದ್ರಕ್ಕೆ ಫೋನು ಮಾಡಿದೆ. ಕರ್ತವ್ಯದಲ್ಲಿದ್ದದ್ದು ಒಬ್ಬ ಹೆಣ್ಣುಮಗಳು. ಖಾಸಗಿ ಸಂದೇಶ ಓದುವಂತಿಲ್ಲ, ಯಾರ ಆದೇಶ ಎಂದು ಕೇಳಿದರು.

"ನನ್ನದು. ನನ್ನ ಹೆಸರು, ಹುದ್ದೆ ಬರೆದುಕೊಳ್ಳಿ. ನಾಳೆ ಯಾರಾದರೂ ಕೇಳಿದರೆ ನಾನು ಸುಳ್ಳು ಹೇಳಿ ಓದಿಸಿದೆ ಅಂತ ಹೇಳಿ."

ಆ ಕಡೆಯಿಂದ, "ನಿಧಾನಕ್ಕೆ ಹೇಳಿ, ಬರ್ಕೊಳ್ತೇನೆ," ಎಂದರು. ಆ ಪುಣ್ಯಾತ್ಗಿತ್ತಿಯ ಮುಖವನ್ನು ನಾನು ಇಂದಿಗೂ ನೋಡಿಲ್ಲ.

ಮಧ್ಯಾಹ್ನದ ಹವಾಮಾನ ವರದಿಗೆ ಗಿರಿಜಕ್ಕನ ಚಾವಡಿ ತುಂಬಿತ್ತು. ಏಳೂ ಮನೆಗಳವರು ಬಂದಿದ್ದರು. ತೆಂಗಿನಕಾಯಿ ಸುಲಿಯುವ ಕತ್ತಿಯ ಹಿಂಬದಿಯಿಂದ ಕುಟ್ಟಿ ಮನೆಯ ಸೆಟ್ಟಿನ ಮುದ್ರೆಯನ್ನು ನಾನೇ ಒಡೆದೆ. ಎರಡೇ ಏಟಿನಲ್ಲಿ ಪುಡಿಯಾಯಿತು. ಇಷ್ಟೇನಾ ಇದು, ಇಷ್ಟಕ್ಕೇನಾ ಎಂದು ಅಳು ಬಂತು. ರೇಡಿಯೊದಲ್ಲಿ ಆ ಹೆಣ್ಣುಮಗಳು ಮೊದಲು ಕನ್ನಡದಲ್ಲಿ, ಮತ್ತೆ ತುಳುವಿನಲ್ಲಿ ಓದಿದರು: 'ಗಂಗಾ ದೋಣಿಯ ವಾಸು ತಾಂಡೇಲರ ಗಮನಕ್ಕೆ. ಬೊಬ್ಬರ್ಯನ ಎದುರು ಹಾಕಿಸಿದ ಆಣೆಯನ್ನು ಹಾಕಿಸಿದವರೇ ಅಲ್ಲಿಗೇ ಬಂದು ಹಿಂದೆ ತೆಗೆದುಕೊಂಡಿದ್ದಾರೆ. ಮುದ್ರೆ ಒಡೆದು ಮಾತಾಡಿ. ಅಕ್ಕ ಕಾಯುತ್ತಿದ್ದಾರೆ.'

ಸೆಟ್ಟಿನಲ್ಲಿ ಬರೀ ಗರಗರ ಸದ್ದು. ಒಬ್ಬ ಮುದುಕಿ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದ್ದರು. ಹತ್ತು ನಿಮಿಷ ಕಳೆಯಿತು, ಕಾಲು ಗಂಟೆ ಕಳೆಯಿತು. ಟ್ರಾನ್ಸಿಸ್ಟರಿನ ಸೆಲ್ಲು ಮುಗಿದಿರಬಹುದು ಎಂದು ನನಗೆ ಆಗ ಹೊಳೆಯಿತು, ಆದರೆ ಹೇಳಲು ಧೈರ್ಯವಾಗಲಿಲ್ಲ.

ಆಮೇಲೆ ಆ ಧ್ವನಿ ಬಂತು. "ಅಕ್ಕ... ಸಿಪ್ರಿ ಸಾರ್ ಅಲ್ಲಿ ಇದ್ದಾರಾ?"

ಚಾವಡಿಯಲ್ಲಿ ಎದ್ದ ಬೊಬ್ಬೆಯನ್ನು ಗಿರಿಜಕ್ಕ ಕೈಯೆತ್ತಿ ನಿಲ್ಲಿಸಿ, ನನ್ನ ಬಾಯಿಯ ಹತ್ತಿರ ಮೈಕು ಹಿಡಿದರು.

"ಇದ್ದೇನೆ ತಾಂಡೇಲ್ರೆ. ನಾನು ಹೇಳಿದ್ದು ಹೌದು."

"ಹಾಗಾದ್ರೆ ಆಯ್ತು," ಎಂದರು ಅವರು. ಮತ್ತೆ ಕೆಲಸದ ಮಾತು. ಹೊರದೇಶದ ಟ್ರಾಲರ್ ಒಂದು ಅವರ ಬಲೆಯ ಮೇಲೆಯೇ ಹಾದುಹೋಗಿತ್ತು. ಬಲೆಯ ಹಗ್ಗ ದೋಣಿಯ ಅಡಿಯ ಫ್ಯಾನಿಗೆ ಸುತ್ತಿ ಎಂಜಿನ್ ನಿಂತಿತ್ತು. ಲಂಗರು ಹಾಕಿ ಕೂತಿದ್ದರು. ರಾತ್ರಿ ಕಾಪುವಿನ ದೀಪಸ್ತಂಭದ ಬೆಳಕು ಯಾವ ಕಡೆಗೆ ಕಾಣುತ್ತದೆ, ಬೆಳಿಗ್ಗೆ ಕುದುರೆಮುಖದ ಶಿಖರ ಅದಕ್ಕೆ ಎಷ್ಟು ಬಲಕ್ಕೆ ಎಂದು ಹೇಳಿದರು. ಮೊಗವೀರರಿಗೆ ಅಷ್ಟು ಸಾಕು. ಗುರಿಕಾರರು ಆಗಲೇ ಹೊರಟಾಗಿತ್ತು; ಮಲ್ಪೆಯಿಂದ ನಾಲ್ಕು ದೋಣಿ ಬಿಟ್ಟವು. ಕೊನೆಗೆ ವಾಸು ತಾಂಡೇಲರು, "ಅಕ್ಕ, ಶೀನನ ಅಮ್ಮ ಅಲ್ಲಿ ಇದ್ದರೆ ಸ್ವಲ್ಪ ಹೊರಗೆ ಕರ್ಕೊಂಡು ಹೋಗು," ಎಂದರು.

ಸೆರಗು ಕಚ್ಚಿಕೊಂಡಿದ್ದ ಆ ಮುದುಕಿ ಶೀನನ ತಾಯಿ. ಅವರನ್ನು ಯಾರೂ ಹೊರಗೆ ಕರೆದೊಯ್ಯಬೇಕಾಗಲಿಲ್ಲ; ಆ ಮಾತಿನಿಂದಲೇ ಅವರಿಗೆ ತಿಳಿಯಿತು. ಮೊದಲ ದಿನ ಆ ಟ್ರಾಲರ್ ಬಲೆ ಎಳೆದ ರಭಸಕ್ಕೆ ಉಕ್ಕಿನ ಹಗ್ಗ ತುಂಡಾಗಿ ಶೀನನ ತೊಡೆಗೆ ಬಡಿದಿತ್ತು. ಒಂದೂವರೆ ದಿನ ರಕ್ತ ಹೋಗಿ, ಹಿಂದಿನ ದಿನ ಸಂಜೆ ಅವನು ತೀರಿಕೊಂಡಿದ್ದ. ಆರು ಜನ ಜೀವಂತ ಬಂದರು.

ನನ್ನ ಮೇಲೆ ವಿಚಾರಣೆ ನಡೆಯಿತು. ಮುದ್ರೆ ಒಡೆದದ್ದು ಯಾರ ಆದೇಶದಿಂದ, ಸ್ನೇಹದೇಶದ ಹಡಗಿನ ಮೇಲೆ ಆರೋಪ ಬರುವಂತೆ ಯಾಕೆ ವರದಿ ಬರೆದೆ, ಇವೇ ಪ್ರಶ್ನೆಗಳು. ಶೀನನ ಹೆಸರು ಆ ಕಡತದಲ್ಲಿ ಒಂದು ಕಡೆಯೂ ಇಲ್ಲ. ನಿಯಮವನ್ನು ಓದಿ ಹೇಳಿದೆಯಾ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ.

ಕೇಳಿದ್ದು ಒಬ್ಬರೇ. ಶೀನನ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೆ ಒಂದು ದಿನ ವಾಸು ತಾಂಡೇಲರು ಉಡುಪಿಯ ಕಚೇರಿಗೆ ಬಂದು, ಮೇಜಿನ ಮೇಲೆ ಒಂದು ಕಾಗದದ ಪೊಟ್ಟಣ ಬಿಚ್ಚಿದರು. ಒಳಗೆ ಅರಗಿನ ಚೂರುಗಳು, ದಾರದ ತುಂಡು. "ಒಡೆಯುವಾಗ ಬಿದ್ದದ್ದನ್ನು ಎಲ್ಲ ಹೆಕ್ಕಿದ್ದೇನೆ ಸಾರ್. ಸರ್ಕಾರದ್ದಲ್ವಾ. ಸರಿ ಉಂಟಾ ನೋಡಿ," ಎಂದರು. ನಾನು ಚೂರುಗಳನ್ನು ಮತ್ತೆ ಕಾಗದದಲ್ಲಿ ಸುತ್ತಿದೆ.

ಅವರು ಹೊರಡಲಿಲ್ಲ. "ಸಾರ್, ಒಂದು ಕೇಳ್ತೇನೆ. ಶೀನನಿಗೆ ಪೆಟ್ಟಾದ ದಿನವೇ ನಾನು ಇದನ್ನು ಒಡೆಯಬಹುದಿತ್ತಾ? ಕಾನೂನಿನಲ್ಲಿ ಹಾಗೆ ಉಂಟಾ?"

ನಿಯಮ ಪುಸ್ತಕ ನನ್ನ ಮೊಣಕೈಯ ಕೆಳಗೇ ಇತ್ತು. ವಾಸು ತಾಂಡೇಲರು ತೀರಿಕೊಂಡು ಈಗ ಬಹಳ ವರ್ಷವಾಯಿತು, ಶೀನನ ತಾಯಿಯೂ ಇಲ್ಲ. ಅವರು ಇದ್ದಿದ್ದರೆ ಈ ಸಾಲುಗಳನ್ನು ನಾನು ಬರೆಯುತ್ತಿರಲಿಲ್ಲ.

"ಇಲ್ಲ ತಾಂಡೇಲ್ರೆ," ಎಂದೆ. "ಒಡೆಯುವ ಹಾಗಿರಲಿಲ್ಲ. ನೀವು ಮಾಡಿದ್ದೇ ಸರಿ."

ಅವರು ಎಷ್ಟೋ ದಿನದಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟರು. "ಅಷ್ಟು ಸಾಕು ಸಾರ್," ಎಂದು ಕೈ ಮುಗಿದರು. "ಶೀನನ ಅಮ್ಮ ದಿನಾ ಕೇಳ್ತಾರೆ. ನೀವೇ ಹೇಳಿದ್ರಿ ಅಂತ ಹೇಳ್ತೇನೆ."